ರಾತ್ರಿ ಎರಡಕ್ಕೆ ಯಾರು ಏಳ್ತಾರೆ? ಅಸಿಸ್ಟೆಡ್ ಲಿವಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅವ್ವ ಮೂರು ವರ್ಷದಿಂದ ಒಂದು ಆರೈಕೆ ಮನೆಯಲ್ಲಿದ್ದಾರೆ. ಆ ಸುದ್ದಿ ಹೇಗೋ ಅರ್ಧ ದಾವಣಗೆರೆಗೆ ಗೊತ್ತಾಗಿದೆ. ಮದುವೆ ಊಟದ ಸಾಲಿನಲ್ಲಿ, ಪಿಜೆ ಬಡಾವಣೆಯ ಮೆಡಿಕಲ್ ಶಾಪ್ ಮುಂದೆ, ಬೆಣ್ಣೆ ದೋಸೆಗೆ ಕಾಯುತ್ತಾ ಕೂತಾಗ, ಯಾರಾದರೂ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳುತ್ತಾರೆ. ಪತ್ರ ಬರೆದವರೂ ಇದ್ದಾರೆ, ವಾಟ್ಸಾಪ್‌ನಲ್ಲಿ ಐದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಕೇಳಿದವರ ಮಾತಲ್ಲೇ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ವಕೀಲೆಯೂ ಅಲ್ಲ. ಒಮ್ಮೆ ತಪ್ಪು ಜಾಗ ಆರಿಸಿ ಆಮೇಲೆ ಕಲಿತವಳು.

## ಮೊದಲು ಕೇಳುವವು

"ಅಸಿಸ್ಟೆಡ್ ಲಿವಿಂಗ್ ಅಂದ್ರೆ ವೃದ್ಧಾಶ್ರಮಕ್ಕೇ ಇಟ್ಟ ಹೊಸ ಹೆಸರಾ?"

ಕೆಲವು ಕಡೆ ಹೌದು, ಬೋರ್ಡ್ ಮಾತ್ರ ಬದಲಾಗಿರುತ್ತದೆ. ಆದರೆ ನಿಜವಾದ ಅರ್ಥ ಬೇರೆ. ವೃದ್ಧಾಶ್ರಮದಲ್ಲಿ ಊಟ, ಹಾಸಿಗೆ, ಒಂದು ಸೂರು ಸಿಗುತ್ತದೆ. ಹೆಚ್ಚಿನ ಕಡೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನೇ ಸೇರಿಸಿಕೊಳ್ಳುತ್ತಾರೆ. ಅಸಿಸ್ಟೆಡ್ ಲಿವಿಂಗ್ ಅಂದರೆ ಸ್ನಾನ ಮಾಡಿಸಲು, ಬಟ್ಟೆ ಹಾಕಲು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಲು, ನಡೆಸಲು ಜನ ಇರುವ ಜಾಗ. ಎಷ್ಟು ಬೇಕೋ ಅಷ್ಟೇ ಸಹಾಯ, ಉಳಿದದ್ದು ಅವರೇ ಮಾಡಿಕೊಳ್ಳಬೇಕು. ಪೂರ್ತಿ ಹಾಸಿಗೆ ಹಿಡಿದವರಿಗೆ, ಮೂಗಿನ ನಳಿಕೆಯಲ್ಲಿ ಊಟ ಹೋಗುವವರಿಗೆ ಬೇಕಾಗುವುದು ನರ್ಸಿಂಗ್ ಆರೈಕೆ. ಅದು ಇನ್ನೊಂದು ಹಂತ.

ಈ ಪದ್ಧತಿ ಬೆಳೆದದ್ದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, 1980ರ ದಶಕದಲ್ಲಿ. ಕೆರೆನ್ ಬ್ರೌನ್ ವಿಲ್ಸನ್ ಎಂಬಾಕೆ ಇದನ್ನು ಶುರು ಮಾಡಿದವರಲ್ಲಿ ಮುಖ್ಯರು. ಆಕೆಯ ತಾಯಿ ಪಾರ್ಶ್ವವಾಯು ಹೊಡೆದು ನರ್ಸಿಂಗ್ ಹೋಮ್ ಸೇರಿದ್ದರು. ಅಲ್ಲಿ ಬಾಗಿಲು ಹಾಕಿಕೊಳ್ಳುವ ಸ್ವಾತಂತ್ರ್ಯ ಕೂಡ ಇರಲಿಲ್ಲ. ಹಾಗಾಗಿ ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ ಸ್ವಂತ ರೂಮು, ಕರೆದರೆ ಬರುವ ಸಹಾಯ, ಇವೆರಡೇ ಇದರ ಮೂಲ ಯೋಚನೆ. ನಮ್ಮ ಕಡೆ ಚಿಲಕದ ಮಾತು ಎತ್ತಿದರೆ ನಗುತ್ತಾರೆ, ಅದು ಬೇರೆ ವಿಷಯ.

"ನಮ್ಮಮ್ಮಂಗೆ ಅದು ಬೇಕಾ ಬೇಡ್ವಾ, ಹೆಂಗೆ ಗೊತ್ತಾಗುತ್ತೆ?"

ವಯಸ್ಸು ಲೆಕ್ಕಕ್ಕಿಲ್ಲ. ಎಂಬತ್ತೈದಕ್ಕೂ ತಾವೇ ರೊಟ್ಟಿ ತಟ್ಟುವವರಿದ್ದಾರೆ. ಡಾಕ್ಟರುಗಳು ನೋಡುವುದು ಆರು ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್ಟಿಗೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ಡಾಕ್ಟರ್ ಮತ್ತು ಜೊತೆಯವರು ಮಾಡಿದ ಪಟ್ಟಿ ಇದು, ಇವತ್ತಿಗೂ ಬಳಕೆಯಲ್ಲಿದೆ. ಇವು ಸಾಮಾನ್ಯವಾಗಿ ಇದೇ ಸಾಲಿನಲ್ಲಿ ಕೈಬಿಡುತ್ತವೆ, ಸ್ನಾನ ಮೊದಲು, ಊಟ ಕೊನೆಗೆ. ಹಾಗಾಗಿ "ಇವತ್ತು ಸ್ನಾನ ಬೇಡ, ಚಳಿ" ಅಂತ ವಾರಕ್ಕೆ ನಾಲ್ಕು ದಿನ ಹೇಳುತ್ತಿದ್ದರೆ ಅದು ಸೋಮಾರಿತನ ಆಗಿರಲಿಕ್ಕಿಲ್ಲ. ಬಚ್ಚಲಲ್ಲಿ ಜಾರುವ ಹೆದರಿಕೆ ಇರಬಹುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಎಂದಿನ ನಡಿಗೆಯಲ್ಲೇ. ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಇನ್ನು ಕೆಲವು ಗುರುತು ಅಡುಗೆಮನೆಯಲ್ಲೇ ಸಿಗುತ್ತವೆ. ನಮ್ಮ ಅವ್ವನ ಹಾಲಿನ ಪಾತ್ರೆ ತಳ ಒಂದೇ ತಿಂಗಳಲ್ಲಿ ಮೂರು ಸಲ ಸುಟ್ಟಿತ್ತು. ಬೀರುವಿನಲ್ಲಿ ಬಿಪಿ ಮಾತ್ರೆಯ ಹನ್ನೊಂದು ಸ್ಟ್ರಿಪ್, ಒಂದೂ ಮುಗಿದಿರಲಿಲ್ಲ. ನಾವು ಅದನ್ನು ನೋಡಿಯೂ ನೋಡದಂತೆ ಒಂದು ವರ್ಷ ತಳ್ಳಿದೆವು.

"ಮನೆಗೇ ಒಬ್ಬರನ್ನ ಇಟ್ಕೊಂಡ್ರೆ ಆಗಲ್ವಾ?"

ಆಗುತ್ತದೆ. ಮೊದಲು ಅದನ್ನೇ ಮಾಡಿ ನೋಡಿ. ಬಚ್ಚಲಿಗೆ ಹಿಡಿದುಕೊಳ್ಳುವ ಸ್ಟೀಲ್ ಕಂಬಿ, ಜಾರದ ಮ್ಯಾಟ್, ಎತ್ತರದ ಕಮೋಡ್, ರಾತ್ರಿ ಉರಿಯುವ ಸಣ್ಣ ದೀಪ, ಹಗಲಿಗೆ ಒಬ್ಬ ಹೆಂಗಸು: ಎಷ್ಟೋ ಮನೆಗಳಿಗೆ ಇಷ್ಟೇ ಸಾಕು, ಇನ್ನೆರಡು ಮೂರು ವರ್ಷ ನೆಮ್ಮದಿ.

ಲೆಕ್ಕ ತಪ್ಪುವುದು ರಾತ್ರಿ ಹೊತ್ತಿಗೆ. ವಾರಕ್ಕೆ 168 ಗಂಟೆ. ಹಗಲು ಹತ್ತು ಗಂಟೆ ಒಬ್ಬರು ಬಂದರೂ 70 ಗಂಟೆ ಆಯಿತು, ಉಳಿದ 98 ಗಂಟೆ ನಿಮ್ಮದು. ಅದರಲ್ಲಿ ರಾತ್ರಿ ಎರಡಕ್ಕೆ ಟಾಯ್ಲೆಟ್ಟಿಗೆ ಎಬ್ಬಿಸುವುದೂ ಸೇರಿದೆ. ಯಾರೇ ನನ್ನ ಹತ್ತಿರ ಸಲಹೆ ಕೇಳಿದರೂ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಯಲ್ಲಿ ರಾತ್ರಿ ಎರಡಕ್ಕೆ ಯಾರು ಏಳ್ತಾರೆ? ಹೆಚ್ಚಿನ ಸಲ ಅಣ್ಣತಮ್ಮಂದಿರು ಜೋರಾಗಿ ಚರ್ಚೆ ಮಾಡುತ್ತಿರುತ್ತಾರೆ, ಏಳುವ ಸೊಸೆ ಮೂಲೆಯಲ್ಲಿ ಸುಮ್ನೆ ಕೂತಿರುತ್ತಾಳೆ. ಅವಳನ್ನು ಕೇಳಿ.

"ಜನ ಏನಂತಾರೆ?"

ಅಂತಾರೆ. ನಮಗೂ ಅಂದರು. ಹಾಗೆ ಅಂದವರನ್ನು "ಒಂದು ವಾರ ನೀವು ಬಂದು ಅವ್ವನ ಜೊತೆ ಮಲಗ್ರೀ" ಅಂತ ಕರೆದೆ. ಯಾರೂ ಬರಲಿಲ್ಲ, ಮಾತೂ ನಿಂತಿತು.

## ಹುಡುಕಾಟ, ದುಡ್ಡು

"ದಾವಣಗೆರೆಯಲ್ಲೇ ನೋಡ್ಲಾ, ಬೆಂಗಳೂರಿಗೇ ಕಳಿಸ್ಲಾ?"

ಬೆಂಗಳೂರಿನಲ್ಲಿರುವಷ್ಟು ಆಯ್ಕೆ ಇಲ್ಲಿಲ್ಲ, ಅದು ನಿಜ. ಮರೆವಿನ ಕಾಯಿಲೆಗೇ ಮೀಸಲಾದ ಕೇಂದ್ರ, ನಿಮ್ಹಾನ್ಸ್‌ನಂಥ ಆಸ್ಪತ್ರೆ ಬೇಕಾದವರು ಆ ಕಡೆ ನೋಡಬೇಕಾಗುತ್ತದೆ. ಆದರೆ ಉಳಿದವರಿಗೆ ನನ್ನ ಅಭಿಪ್ರಾಯ ಖಡಾಖಂಡಿತ: ಹೆಚ್ಚು ಸಲ ಯಾರು ಬಂದು ನೋಡುತ್ತಾರೋ ಅವರ ಊರಲ್ಲೇ ಇಡಿ. ಬೆಂಗಳೂರು ಇಲ್ಲಿಂದ 260 ಕಿಲೋಮೀಟರ್ ಆಸುಪಾಸು. ಮಗ ಅಲ್ಲಿದ್ದರೆ ಅಲ್ಲಿ, ಮಗಳು ವಿದ್ಯಾನಗರದಲ್ಲಿದ್ದರೆ ಇಲ್ಲಿ. ಯಾವ ದಿನ ಯಾವ ಹೊತ್ತಿಗೆ ಬೇಕಾದರೂ ಮನೆಯವರು ಬರಬಹುದು ಅನ್ನುವುದು ಸಿಬ್ಬಂದಿಗೆ ಗೊತ್ತಿರಬೇಕು. ಅಂಥವರ ಹಾಸಿಗೆಯ ಚಾದರ ಬೇಗ ಬದಲಾಗುತ್ತದೆ. ಕಹಿ ಅನ್ನಿಸಿದರೂ ನಾನು ಕಣ್ಣಾರೆ ಕಂಡದ್ದು.

ನಮ್ಮ ಊರಿಗೆ ಒಂದು ಅನುಕೂಲ ಇದೆ. ಜೆಜೆಎಂ, ಎಸ್‌ಎಸ್ ಎರಡು ಮೆಡಿಕಲ್ ಕಾಲೇಜು, ಬಾಪೂಜಿ ಆಸ್ಪತ್ರೆ, ಸರ್ಕಾರಿ ಚಿಗಟೇರಿ ಆಸ್ಪತ್ರೆ, ಎಲ್ಲ ಊರೊಳಗೇ. ಜಾಗ ನೋಡುವಾಗ ಅಲ್ಲಿಂದ ನಿಮ್ಮ ಡಾಕ್ಟರ ಆಸ್ಪತ್ರೆಗೆ ಸಂಜೆ ಆರಕ್ಕೆ ಒಮ್ಮೆ ಗಾಡಿ ಓಡಿಸಿ ನೋಡಿ. ದಾರಿಯಲ್ಲಿ ರೈಲ್ವೆ ಗೇಟ್ ಸಿಕ್ಕರೆ ನಾನು ಹೇಳುವುದೇ ಬೇಡ.

"ಜಾಗ ನೋಡೋಕೆ ಹೋದಾಗ ಏನೇನು ನೋಡ್ಬೇಕು?"

ಎರಡು ಸಲ ಹೋಗಿ. ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಹೇಳದೆ, ಸಂಜೆ ಏಳರ ಮೇಲೆ.

ಹೇಳಿ ಹೋದಾಗ ಮ್ಯಾನೇಜರ್ ಟೈಲ್ಸು, ಟೀವಿ, ತೋಟ ತೋರಿಸುತ್ತಾರೆ. ನೀವು ಮೂಗಿಗೆ ಕೆಲಸ ಕೊಡಿ. ಮೂತ್ರದ ವಾಸನೆ ಒಂದು ಕಡೆ ಇದ್ದರೆ ಈಗಷ್ಟೇ ಆಗಿರಬಹುದು, ಇಡೀ ಕಾರಿಡಾರಿನಲ್ಲಿ ಇದ್ದರೆ ಅಭ್ಯಾಸ. ಫಿನಾಯಿಲ್ ವಾಸನೆ ಕಣ್ಣು ಉರಿಸುವಷ್ಟಿದ್ದರೂ ಅನುಮಾನ ಪಡಿ. ಅಲ್ಲಿರುವವರ ಉಗುರು ನೋಡಿ, ತುಟಿ ಒಣಗಿದೆಯಾ ನೋಡಿ. ನೀರಿನ ಲೋಟ ಕೈಗೆ ಎಟುಕುವ ಹಾಗೆ ಇದೆಯಾ? ಕರೆಗಂಟೆ ಒತ್ತಿ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಗಡಿಯಾರ ನೋಡಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ಅದರ ದಾಖಲೆ ಇದೆಯಾ ಕೇಳಿ. ಯಾರನ್ನಾದರೂ ಮಂಚಕ್ಕೋ ಕುರ್ಚಿಗೋ ಕಟ್ಟಿದ್ದು ಕಂಡರೆ ಅಲ್ಲಿಂದ ಹೊರಡಿ.

ಹೇಳದೆ ಹೋದಾಗ ಕೇಳಬೇಕಾದದ್ದು: ಇವತ್ತು ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿದ್ದಾರೆ, ಎಷ್ಟು ಹಿರಿಯರಿಗೆ? ಎದ್ದಿರುತ್ತಾರಾ, ಇಲ್ಲೇ ಮಲಗಿರುತ್ತಾರಾ? ಎರಡೂ ಬೇರೆ.

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ಅವ್ವನನ್ನು ಮೊದಲು ಸೇರಿಸಿದ ಜಾಗದಲ್ಲಿ ಎಲ್ಲ ಚಂದ ಇತ್ತು. ಮಾತ್ರೆಯ ಚಾರ್ಟ್ ಗೋಡೆಗೆ ನೇತುಹಾಕಿದ್ದರು, ಪ್ರತಿ ಹೊತ್ತಿಗೂ ಟಿಕ್, ಪಕ್ಕದಲ್ಲಿ ಸಹಿ. ನೋಡಿ ಖುಷಿಪಟ್ಟಿದ್ದೆ. ಒಂದು ದಿನ ಮಧ್ಯಾಹ್ನ ನಾಲ್ಕಕ್ಕೆ ಹೋದೆ. ಅವತ್ತಿನ ರಾತ್ರಿ ಒಂಬತ್ತರ ಮಾತ್ರೆಗೆ ಆಗಲೇ ಟಿಕ್ ಬಿದ್ದಿತ್ತು. ಮರುದಿನ ಬೆಳಗಿನದಕ್ಕೂ! ನೀಲಿ ಪೆನ್ನು, ಒಂದೇ ಕೈ ಬರಹ, ಒಂದೇ ಓಟದಲ್ಲಿ ಎಳೆದ ಗೆರೆಗಳು. ಹದಿನೈದು ದಿನದಲ್ಲಿ ಅವ್ವನನ್ನು ಅಲ್ಲಿಂದ ಬಿಡಿಸಿದೆವು. ಅಂದಿನಿಂದ ಚಾರ್ಟ್ ಇದೆಯಾ ಅಂತ ಕೇಳುವುದಿಲ್ಲ, ಚಾರ್ಟ್ ಎಷ್ಟು ಗಂಟೆಯವರೆಗೆ ತುಂಬಿದೆ ಅಂತ ನೋಡುತ್ತೇನೆ.

ಇಂಜೆಕ್ಷನ್, ಡ್ರಿಪ್ ಎಲ್ಲ ಇಲ್ಲೇ ಕೊಡ್ತೀವಿ ಅನ್ನುವವರ ಹತ್ತಿರ ಕೆಪಿಎಂಇ ನೋಂದಣಿ ಪತ್ರ ಕೇಳಿ. ಖಾಸಗಿ ಚಿಕಿತ್ಸಾ ಸಂಸ್ಥೆಗಳಿಗೆ ಕರ್ನಾಟಕದ 2007ರ ಕಾನೂನಿನಡಿ ಅದು ಬೇಕು.

"ತಿಂಗಳಿಗೆ ಎಷ್ಟಾಗುತ್ತೆ, ಒಂದೇ ಮಾತಲ್ಲಿ ಹೇಳ್ರೀ"

ಒಂದೇ ಮಾತಲ್ಲಿ ಆಗುವುದಿಲ್ಲ, ಯಾಕೆಂದರೆ ಅವರು ಹೇಳುವ ದರ ಬೇರೆ, ತಿಂಗಳ ಕೊನೆಗೆ ಬರುವ ಬಿಲ್ಲು ಬೇರೆ. ದರದೊಳಗೆ ರೂಮು ಮತ್ತು ಊಟ ಇರುತ್ತದೆ. ಹೊರಗೆ ಉಳಿಯುವುದು ಡೈಪರ್, ಮಾತ್ರೆ, ಫಿಸಿಯೋಥೆರಪಿ, ಡಾಕ್ಟರ್ ಭೇಟಿ, ಆಕ್ಸಿಜನ್, ಆಂಬುಲೆನ್ಸ್, ಆಸ್ಪತ್ರೆಗೆ ಸೇರಿದಾಗ ಜೊತೆಗಿರುವವರ ಕೂಲಿ. ಡೈಪರ್ ಒಂದನ್ನೇ ತಗೊಳ್ಳಿ, ದಿನಕ್ಕೆ ನಾಲ್ಕು ಅಂದರೂ ತಿಂಗಳಿಗೆ 120. ನೀವೇ ಸಗಟು ದರದಲ್ಲಿ ತಂದುಕೊಡಬಹುದಾ ಕೇಳಿ, ಒಪ್ಪಿದರೆ ನಾಲ್ಕು ಕಾಸು ಉಳಿಯುತ್ತದೆ.

ಬರವಣಿಗೆಯಲ್ಲಿ ತಗೊಳ್ಳಬೇಕಾದವು: ಠೇವಣಿ ಎಷ್ಟು, ಬಿಟ್ಟರೆ ಎಷ್ಟು ದಿನದಲ್ಲಿ ವಾಪಸ್, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆ ಕಟ್ಟಬೇಕಾ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಆರೋಗ್ಯ ಕೆಟ್ಟರೆ ದರ ಯಾವ ಹಂತಕ್ಕೆ ಹೋಗುತ್ತದೆ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಅಲ್ಲೇ ಹೊಡೆತ ಬೀಳುವುದು.

ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಆದಾಯ ತೆರಿಗೆಯಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿಯಾದ ಟ್ರಸ್ಟ್ ನಡೆಸುವ ಹಿರಿಯರ ಮನೆಯಲ್ಲಿ, 60 ತುಂಬಿದವರಿಗೆ ತಿಂಗಳಿಗೆ ₹25,000ವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ.

"ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಬರುತ್ತಾ?"

ತಿಂಗಳ ಶುಲ್ಕ ಬರುವುದಿಲ್ಲ, ಪಾಲಿಸಿಗಳು ನೋಡುವುದು ಆಸ್ಪತ್ರೆ ಖರ್ಚನ್ನು. ಆದರೂ ಪಾಲಿಸಿ ಬಿಡಬೇಡಿ, ಸೊಂಟದ ಮೂಳೆ ಮುರಿದ ದಿನ ಬೇಕಾಗುತ್ತದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ ತೆಗೆದುಹಾಕಿದೆ. ಪಾಲಿಸಿಯೇ ಇಲ್ಲದ ಹಿರಿಯರ ಔಷಧಿ, ಡಾಕ್ಟರ್ ಖರ್ಚಿಗೆ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ವರ್ಷಕ್ಕೆ ₹50,000ವರೆಗೆ ವಿನಾಯಿತಿ ಇದೆ. ನಗದು ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ.

"ಇಷ್ಟೆಲ್ಲಾ ದುಡ್ಡು ಎಲ್ಲಿಂದ ತರೋಣ? ನಾವು ಮಿಲ್ ಕೂಲಿಯವರು"

ಇದನ್ನು ಕೇಳಿದವರು ಹತ್ತಿ ಮಿಲ್ಲಿನಲ್ಲಿ ದುಡಿದ ಒಬ್ಬ ಅಜ್ಜ. ಸಂಧ್ಯಾ ಸುರಕ್ಷಾದಲ್ಲಿ ಅವರಿಗೆ ತಿಂಗಳಿಗೆ ₹1,200 ಬರುತ್ತದೆ, ಅದರಲ್ಲಿ ಯಾವ ಖಾಸಗಿ ಜಾಗವೂ ಸಿಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. 2007ರ ಹಿರಿಯ ನಾಗರಿಕರ ಕಾನೂನಿನಲ್ಲಿ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಬಡ ಹಿರಿಯರಿಗಾಗುವಷ್ಟು ದೊಡ್ಡ ಮನೆಯನ್ನು ಸರ್ಕಾರ ಸ್ಥಾಪಿಸಬಹುದು ಅಂತ ಬರೆದಿದೆ. ಬರೆದಿರುವುದಕ್ಕೂ ಇರುವುದಕ್ಕೂ ಎಷ್ಟು ದೂರ ಅಂತ ನಿಮಗೆ ಗೊತ್ತೇ ಇದೆ. ಆದರೂ ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಿ, ಅನುದಾನ ಪಡೆಯುವ ಮನೆಗಳ ಮಾಹಿತಿ ಅಲ್ಲಿರುತ್ತದೆ. 14567 ಹಿರಿಯರಿಗಾಗಿಯೇ ಇರುವ ಉಚಿತ ಸಹಾಯವಾಣಿ. ಬೀದಿಯಲ್ಲಿ ಬಿಟ್ಟುಹೋದ ಅಜ್ಜ ಅಜ್ಜಿಯರನ್ನು ಕಂಡರೂ ಅದಕ್ಕೇ ಫೋನ್ ಮಾಡಿ.

## ಸೇರಿಸುವಾಗ, ಸೇರಿಸಿದ ಮೇಲೆ

"ಅಪ್ಪಾಜಿ ಬರಲ್ಲ ಅಂತಾರೆ. ಧರ್ಮಸ್ಥಳಕ್ಕೆ ಅಂತ ಸುಳ್ಳು ಹೇಳಿ ಕರ್ಕೊಂಡು ಹೋಗ್ಲಾ?"

ಬೇಡ. ತಿಳಿವಳಿಕೆ ಸರಿ ಇರುವ ಮನುಷ್ಯನಿಗೆ ಹಾಗೆ ಮಾಡಿದರೆ ಮುಂದೆ ನೀವು ಏನು ಹೇಳಿದರೂ ನಂಬುವುದಿಲ್ಲ. ಹತ್ತು ದಿನದ ಮಟ್ಟಿಗೆ ಇದ್ದು ನೋಡುವ ವ್ಯವಸ್ಥೆ ಬಹಳ ಕಡೆ ಇರುತ್ತದೆ. ನಿಮ್ಮ ಮನೆಯಲ್ಲಿ ಮದುವೆಯೋ ಆಪರೇಷನ್ನೋ ಇದ್ದಾಗ ಅದನ್ನು ಬಳಸಿ. ಎರಡು ಜಾಗ ತೋರಿಸಿ, ಆರಿಸುವುದನ್ನು ಅವರಿಗೇ ಬಿಡಿ. ನಮ್ಮ ಅವ್ವ ಆರಿಸಿದ್ದು ನಾನು ಇಷ್ಟಪಟ್ಟ ಜಾಗವನ್ನಲ್ಲ. ಅಲ್ಲಿ ಕಿಟಕಿಯಿಂದ ರಸ್ತೆ ಕಾಣುತ್ತದೆ, ಸೊಪ್ಪಿನ ಗಾಡಿಯವಳ ಜೊತೆ ಜಗಳ ಆಡಬಹುದು, ಅದಕ್ಕೇ ಬೇಕು ಅಂದರು.

"ಮೊದಲ ವಾರ ದಿನಾ ಅಳ್ತಾರೆ, ವಾಪಸ್ ಕರ್ಕೊಂಡು ಬರ್ಲಾ?"

ಕೆಲವು ವಾರ ಕಾಯಿರಿ, ಆದರೆ ಕಣ್ಣು ಮುಚ್ಚಿ ಕಾಯಬೇಡಿ. ಜಾಗ ಬದಲಾದಾಗ ನಿದ್ದೆ ಕೆಡುವುದು, ಊಟ ಬಿಡುವುದು, ಸಿಡುಕುವುದು ಸಹಜ. ತೂಕ ನೋಡುತ್ತಿರಿ. ಇಳಿಯುತ್ತಲೇ ಹೋದರೆ, ಮೈಮೇಲೆ ಕಂದಿದ ಕಲೆ ಕಂಡರೆ, ಒಬ್ಬ ನಿರ್ದಿಷ್ಟ ಸಿಬ್ಬಂದಿ ಬಂದಾಗ ಮಾತು ನಿಲ್ಲಿಸಿದರೆ, ಅದು ಮನೆ ನೆನಪಿನ ಅಳು ಅಲ್ಲ. ಹಳೆಯ ಸಾಮಾನು ಜೊತೆಗಿರಲಿ. ಅವ್ವನ ಹಿತ್ತಾಳೆ ತಂಬಿಗೆ, ವಿಭೂತಿ ಗಟ್ಟಿ, ಹರಿದ ಕೌದಿ, ಮೂರನ್ನೂ ಕೊಟ್ಟುಬಂದಿದ್ದೆವು. ತಂಬಿಗೆಯಿಂದ ಗಟಗಟ ಕುಡಿದ ದಿನ ರಾತ್ರಿ ನಿದ್ದೆ ಮಾಡಿದರಂತೆ.

"ಊಟ ಹೊಂದುತ್ತಾ? ನಮ್ಮವರಿಗೆ ರೊಟ್ಟಿ ಇಲ್ದೆ ಆಗಲ್ಲ"

ವಾರದ ಅಡುಗೆ ಪಟ್ಟಿ ನೋಡುವ ಬದಲು ಒಂದು ಹೊತ್ತು ಅಲ್ಲೇ ಕೂತು ಉಣ್ಣಿ. ಹಲ್ಲಿಲ್ಲದವರಿಗೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಾರಾ ಕೇಳಿ, ಆ ಒಂದು ಪ್ರಶ್ನೆಗೆ ಅಡುಗೆಯವರು ಕೊಡುವ ಮುಖದಲ್ಲೇ ಎಲ್ಲ ಗೊತ್ತಾಗುತ್ತದೆ. ತಿನ್ನುವಾಗ ಪದೇ ಪದೇ ಕೆಮ್ಮುತ್ತಿದ್ದರೆ ಡಾಕ್ಟರಿಗೆ ಹೇಳಿ, ಊಟ ಶ್ವಾಸನಾಳಕ್ಕೆ ಹೋಗುತ್ತಿರಬಹುದು. ಸಂಜೆ ಮಂಡಕ್ಕಿ ಮಿರ್ಚಿ ಒಯ್ದು ಕೊಡುವ ಪ್ರೀತಿ ಒಳ್ಳೆಯದೇ, ಆದರೆ ಮಲಗಿಕೊಂಡವರ ಬಾಯಿಗೆ ಒಣ ಮಂಡಕ್ಕಿ ಹಾಕಬೇಡಿ.

"ನವೆಂಬರಿನಲ್ಲಿ ಪೆನ್ಷನ್ನಿಗೆ ಬ್ಯಾಂಕಿಗೆ ಹೆಂಗೆ ಕರ್ಕೊಂಡು ಹೋಗೋದು?"

ಹೋಗಬೇಕಾಗಿಲ್ಲ. ಜೀವನ್ ಪ್ರಮಾಣ್ ಆ್ಯಪ್ ಇದ್ದರೆ ಫೋನಿನಲ್ಲಿ ಮುಖ ತೋರಿಸಿಯೇ ಜೀವಂತ ಪ್ರಮಾಣಪತ್ರ ಕೊಡಬಹುದು. ಪೋಸ್ಟ್‌ಮ್ಯಾನ್ ಇದ್ದಲ್ಲಿಗೇ ಬಂದು ₹70 ತಗೊಂಡು ಮಾಡಿಕೊಡುತ್ತಾರೆ. ಅಜ್ಜಿಯರ ಬೆರಳಿನ ಗೆರೆ ಸವೆದಿರುತ್ತದೆ, ಮುಖದ್ದೇ ವಾಸಿ.

## ಕಷ್ಟದ ಪ್ರಶ್ನೆಗಳು

"ಅತ್ತೆಗೆ ಮರೆವಿನ ಕಾಯಿಲೆ. ಮುಚ್ಚಿಟ್ಟು ಸೇರಿಸಿದ್ರೆ ನಡಿಯುತ್ತಾ?"

ನಡೆಯುವುದಿಲ್ಲ. ಮೂರನೇ ದಿನ ಗೇಟು ದಾಟಿ ಹೋದರೆ ಹುಡುಕುವವರು ನೀವೇ. ಬಾಗಿಲಿಗೆ ಕಾವಲು ಇದೆಯಾ, ಸಂಜೆಯಾದಂತೆ ಹೆಚ್ಚುವ ಗೊಂದಲವನ್ನು ಹೇಗೆ ನಿಭಾಯಿಸುತ್ತಾರೆ, ಅದನ್ನು ವಿಚಾರಿಸಿ. "ಮಾತ್ರೆ ಕೊಟ್ಟು ಮಲಗಿಸ್ತೀವಿ" ಅಂತ ಹೆಮ್ಮೆಯಿಂದ ಹೇಳಿದರೆ ಬೇರೆ ಜಾಗ ನೋಡಿ. ಒಂದು ಹಾಳೆಯಲ್ಲಿ ಅವರ ಬದುಕು ಬರೆದುಕೊಡಿ: ಏನಂತ ಕರೆದರೆ ತಿರುಗುತ್ತಾರೆ, ಯಾವ ಕೆಲಸ ಮಾಡುತ್ತಿದ್ದರು, ಯಾವುದಕ್ಕೆ ಹೆದರುತ್ತಾರೆ. ಒಬ್ಬ ಅಜ್ಜಿ ಸಂಜೆಯಾದರೆ "ದನ ಬಂದ್ವು" ಅಂತ ಬಾಗಿಲಿಗೆ ಓಡುತ್ತಿದ್ದರು. ಅವರ ಮನೆಯಲ್ಲಿ ಎಮ್ಮೆ ಇದ್ದವು ಅಂತ ಗೊತ್ತಾದ ಮೇಲೆ ಆಯಾ "ಕಟ್ಟಿ ಹಾಕೀನಿ ಬಿಡಜ್ಜಿ" ಅನ್ನತೊಡಗಿದಳು, ಓಟ ನಿಂತಿತು. ಹಠಾತ್ತಾಗಿ, ಒಂದೆರಡು ದಿನದಲ್ಲಿ ಗೊಂದಲ ಶುರುವಾದರೆ ಮರೆವು ಅಂತ ಸುಮ್ಮನಾಗಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಹೊಸ ಮಾತ್ರೆ, ಇವುಗಳಿಂದಲೂ ಹಾಗಾಗುತ್ತದೆ, ಚಿಕಿತ್ಸೆಯೂ ಇದೆ. ನೋಡಿಕೊಳ್ಳುವವರೇ ಕುಸಿದುಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

"ಮನೆ ಬರೆಸ್ಕೊಂಡ ಮಗ ಈಗ ಶುಲ್ಕ ಕಟ್ತಾ ಇಲ್ಲ. ಏನು ಮಾಡ್ಲಿ?"

2007ರ ಅದೇ ಹಿರಿಯ ನಾಗರಿಕರ ಕಾನೂನಿನಲ್ಲಿ ಎರಡು ದಾರಿ ಇದೆ. ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರ ನ್ಯಾಯಮಂಡಳಿಗೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು, ವಕೀಲರಿಲ್ಲದೆಯೂ. ತಿಂಗಳಿಗೆ ₹10,000ವರೆಗೆ ಕೊಡಿಸಬಹುದು. ಇನ್ನೊಂದು ಕಲಂ 23: ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ದಾನಪತ್ರ ಮಾಡಿ, ಮಗ ನೋಡಿಕೊಳ್ಳದಿದ್ದರೆ, ಆ ಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಬರೆದಿದ್ದರೆ ಕೇಸು ಗಟ್ಟಿ. ಇನ್ನೂ ಬರೆದುಕೊಡದವರಿಗೆ ನನ್ನ ಮಾತು: ದಾನಪತ್ರದ ಬದಲು ವಿಲ್ ಮಾಡಿ. ವಿಲ್ ಬದುಕಿರುವವರೆಗೂ ಬದಲಿಸಬಹುದು, ಎಲ್ಲರೂ ಸ್ವಲ್ಪ ನಯವಾಗಿ ಮಾತಾಡಿಸುತ್ತಾರೆ.

"ಅಪ್ಪನ ಎಫ್‌ಡಿ ಮುರಿಸ್ಬೇಕು, ಪವರ್ ಆಫ್ ಅಟಾರ್ನಿ ಇದೆ, ಸಾಕಲ್ವಾ?"

ಅಪ್ಪನಿಗೆ ತಿಳಿವಳಿಕೆ ಇರುವವರೆಗೆ ಸಾಕು. ನಮ್ಮ ದೇಶದ ಕಾನೂನಿನಲ್ಲಿ ಕೊಟ್ಟವರ ಬುದ್ಧಿಶಕ್ತಿ ಹೋದರೆ ಪವರ್ ಆಫ್ ಅಟಾರ್ನಿಯೂ ಮುಗಿಯುತ್ತದೆ. ಆಮೇಲೆ ಪೋಷಕರನ್ನು ನೇಮಿಸಿಕೊಡಿ ಅಂತ ಹೈಕೋರ್ಟಿನವರೆಗೆ ಹೋಗಬೇಕಾಗಬಹುದು. ಮರೆವು ಶುರುವಾದ ಕೂಡಲೇ, ಇನ್ನೂ ಸಹಿ ಹಾಕಬಲ್ಲ ದಿನಗಳಲ್ಲೇ, ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಅನ್ನುವ ಬಗೆಯಲ್ಲಿ. ನಾಮಿನಿ ಹೆಸರೂ ನೋಡಿಕೊಳ್ಳಿ. ನಾಲ್ಕು ಮಕ್ಕಳಿದ್ದರೆ ನಾಲ್ವರ ಎದುರಿಗೇ ಮಾಡಿ, ಆಮೇಲಿನ ಜಗಳ ತಪ್ಪುತ್ತದೆ.

"ಅವ್ವ ಐಸಿಯು ಬೇಡ, ನಳಿಕೆ ಬೇಡ ಅಂದಿದ್ದಾರೆ. ಬಾಯಿ ಮಾತು ಸಾಕಾ?"

ಬರೆದಿಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಮುಂಗಡ ಇಚ್ಛಾಪತ್ರವನ್ನು ಒಪ್ಪಿತು, 2023ರಲ್ಲಿ ವಿಧಾನ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅಷ್ಟೇ. ವಾಸಿಯಾಗುವ ಆಸೆಯೇ ಇಲ್ಲದ ಹಂತದಲ್ಲಿ ಜೀವರಕ್ಷಕ ಯಂತ್ರಗಳನ್ನು ಹಾಕಬೇಡಿ ಅಥವಾ ತೆಗೆಯಿರಿ ಅನ್ನಲು ಇದು. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ಇದರಲ್ಲಿ ಜಾಗ ಇಲ್ಲ, ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ಡಾಕ್ಟರುಗಳ ಎರಡು ಮಂಡಳಿ ನೋಡಿಯೇ ತೀರ್ಮಾನ ಆಗುತ್ತದೆ. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದಕ್ಕೆ ಆದೇಶ ಹೊರಡಿಸಿತು. ಆ ಆದೇಶದ ಸುದ್ದಿಯ ಜೊತೆ ಎಲ್ಲರೂ ಓದಿದ ಹೆಸರು ನಮ್ಮ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಅವರದು. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಅಲೆದವರು ಅವರು.

ಪತ್ರ ಮಾಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಒಂದು ಪ್ರತಿ ಅವ್ವ ತೋರಿಸಿಕೊಳ್ಳುವ ಡಾಕ್ಟರ ಹತ್ತಿರ, ಒಂದು ಆರೈಕೆ ಮನೆಯ ಫೈಲಿನಲ್ಲಿ, ಮಾತ್ರೆಗಳ ಪಟ್ಟಿಯ ಮೇಲೆಯೇ ಪಿನ್ ಹೊಡೆದು ಇಡಿ. ರಾತ್ರಿ ಎರಡಕ್ಕೆ ಆಂಬುಲೆನ್ಸ್ ಬಂದಾಗ ಡ್ಯೂಟಿಯಲ್ಲಿರುವ ಹುಡುಗಿ ಕೈಗೆತ್ತಿಕೊಂಡು ಹೊರಡುವುದು ಆ ಫೈಲನ್ನೇ.